ಎಂಜಿನ್ನಿಗೊಂದು ಮಣೆ

ಹನಿ, ಮತ್ತೊಂದು, ಈ ಸಲ ಸರಿಯಾಗಿ ಹುಬ್ಬಿನ ಮೇಲೆ, ತಣ್ಣನೆಯ ಹಳೇ ಎಣ್ಣೆ, ಒರೆಸಿಕೊಳ್ಳೋಣವೆಂದರೆ ಎರಡು ಕೈಯೂ ಮೇಲಿವೆ, ಒಂದರಲ್ಲಿ ಸ್ಪ್ಯಾನರು, ಇನ್ನೊಂದು ನಟ್ಟಿನ ಮೇಲೆ, ಇಳಿಯಲಿ ಬಿಡು, ಹುಬ್ಬಿಗೆ ಎಣ್ಣೆ ಹಚ್ಚಿದರೆ ಕೂದಲು ದಟ್ಟವಾಗುತ್ತದೆ ಎಂದು ಅತ್ತೆ ಹೇಳುತ್ತಲೇ ಇರುತ್ತಾರೆ, ಪಾಪ ಅವರು ಹೇಳಿದ್ದು ಈ ಎಣ್ಣೆಯಲ್ಲ — ಕಾರಿನ ಕೆಳಗೆ ಗೋಣಿಚೀಲದ ಮೇಲೆ ಅಂಗಾತ ಮಲಗಿದ್ದವಳಿಗೆ ನಗು ಬಂತು, ನಕ್ಕರೆ ಬಾಯೊಳಗೇ ಬೀಳುತ್ತದೆ ಎಂದು ತುಟಿ ಬಿಗಿಹಿಡಿದಳು, ನಟ್ಟು ಕಿರ್ರೆಂದಿತು, ಅಲುಗಿತು, ಬಾ ನನ್ನವ್ವ ಬಾ, ಇಷ್ಟು ವರ್ಷ ಕಚ್ಚಿಕೊಂಡಿದ್ದು ಸಾಕು. ಕೆಳಗಿನ ಎರಡು ನಟ್ಟು, ಮೇಲಿನ ಎರಡು ಬೋಲ್ಟು, ಈ ಎಂಜಿನ್ನು ಗೇರ್‌ಬಾಕ್ಸಿಗೆ ಅಂಟಿಕೊಂಡಿರುವುದು ಅಷ್ಟರಿಂದಲೇ, ದುಂಡು ಬೆನ್ನಿನ ಮುದಿ ಕಾರು, ಬೇರೆ ಕಾರುಗಳಿಗೆ ಎಂಜಿನ್ನು ಎದೆಯಲ್ಲಿದ್ದರೆ ಇದಕ್ಕೆ ಬೆನ್ನಲ್ಲಿ, ಮೇಲಕ್ಕೆ ಎತ್ತಿ ತೆಗೆಯುವಂತಿಲ್ಲ, ಹಿಂದಕ್ಕೆ ಎಳೆದು ಕೆಳಕ್ಕೆ ಇಳಿಸಬೇಕು, ಹಿಂದಕ್ಕೆ, ಆಮೇಲೆ ಕೆಳಕ್ಕೆ, ಬೆಳಗಿನಿಂದ ಅದನ್ನೇ ಜಪ ಮಾಡುತ್ತಿದ್ದಾಳೆ. ಸಂಜೆಯೊಳಗೆ ಇಳಿಯಬೇಕು, ಸಂಜೆಗೆ ಗುಜರಿಯವನು ಲಾರಿ ತರುತ್ತಾನೆ. ಬೆಳಿಗ್ಗೆ ಕಾಫಿ ಲೋಟ ಕೆಳಗಿಟ್ಟು ಗಂಡ ಅಂದದ್ದು ಇಷ್ಟೇ, ಗುಜರಿಯವನಿಗೆ ಹೇಳಿದೀನಿ, ಇವತ್ತು ಬಂದು ಎಳ್ಕೊಂಡು ಹೋಗ್ತಾನೆ, ಮತ್ತೆ ಆ ವಿಷಯ ಎತ್ತಬೇಡ. ಅವಳು ಎತ್ತಿದಳು, ಎತ್ತದೆ ಇರುತ್ತಾಳೆಯೇ, ಎಂಜಿನ್ ಇಳಿಸಿಬಿಟ್ರೆ ಏನ್ ಮಾಡ್ತೀರಿ? ಯಾರು ಇಳಿಸ್ತಾರೆ? ನಾನು. ಅವನು ನಗಲೂ ಇಲ್ಲ, ರೇಗಲೂ ಇಲ್ಲ, ರೇಗಿದ್ದರಾದರೂ ಚೆನ್ನಾಗಿತ್ತು, ಇಳಿಸು, ಇಳಿದ್ರೆ ಕಾರು ಇಲ್ಲೇ ಇರುತ್ತೆ, ಇಳೀಲಿಲ್ಲ ಅಂದ್ರೆ ಲಾರಿ ಹತ್ತುತ್ತೆ, ಆದ್ರೆ ನನ್ನ ಕರೀಬೇಡ, ಆ ಶೆಡ್ಡೊಳಗೆ ನಾನು ಕಾಲಿಡಲ್ಲ. ಆಯ್ತು, ಕರೆಯಲ್ಲ. ಅಷ್ಟು ಹೇಳಿ ಲೋಟ ತೊಳೆಯಲು ಎದ್ದವಳು ನೋಡಿದಳು, ಅವನ ಬಲಗೈ ಆಗಲೇ ಪ್ಯಾಂಟಿನ ಜೇಬಿನೊಳಗೆ ಸೇರಿಕೊಂಡಿತ್ತು, ಮನೆಯೊಳಗೂ, ಹೆಂಡತಿಯ ಎದುರಿಗೂ.

ಆ ಕೈ. ಹಿಂದೆ ಆ ಕೈ ಎಂಜಿನ್ನಿನ ಮೇಲೆ ಹೇಗೆ ಕೂರುತ್ತಿತ್ತು, ಮಗುವಿಗೆ ಜ್ವರ ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡುವ ಹಾಗೆ, ಕಿವಿಯೊಂದು ಕಡೆ, ಕೈಯೊಂದು ಕಡೆ, ಬೀದಿಯವರೆಲ್ಲ ಅವನನ್ನು ಕಿವಿಯಣ್ಣ ಅಂತಲೇ ಕರೆಯುತ್ತಿದ್ದರು, ಕಾರು ತಿರುವಿನಲ್ಲಿ ಇರುವಾಗಲೇ, ಎರಡನೇ ವಾಲ್ವು ಬಿಗಿ ಮಾಡ್ಬೇಕು ನೋಡು ಅನ್ನುವನು, ಬಂದವರು ಬೆರಗಾಗುವರು, ಅವಳು ಶೆಡ್ಡಿನ ಇನ್ನೊಂದು ತುದಿಯಲ್ಲಿ ಗ್ರಿಲ್ಲು ಬೆಸೆಯುತ್ತಾ ಕನ್ನಡಕದೊಳಗೇ ನಗುವಳು, ಹೌದಪ್ಪ ಎಂಜಿನ್ ಕೆಮ್ಮಿದ್ರೆ ಕೇಳುತ್ತೆ, ಹೆಂಡತಿ ಕೂಗಿದ್ರೆ ಮಾತ್ರ ಕೇಳಲ್ಲ. ಶೆಡ್ಡು ಒಂದೇ, ಅರ್ಧ ಅವನದು, ಅರ್ಧ ಅವಳದು, ಅವನಿಗೆ ಮುದಿ ಕಾರುಗಳು, ಅವಳಿಗೆ ಗೇಟು, ಕಿಟಕಿ, ಮೆಟ್ಟಿಲ ಕಂಬಿ, ನಡುವೆ ಗೋಡೆಯೂ ಇಲ್ಲ, ಗೆರೆಯೂ ಇಲ್ಲ, ಜಗಳವಾದ ದಿನ ಮಾತ್ರ ಅವನು ಸೀಮೆಸುಣ್ಣದಲ್ಲಿ ಗೆರೆ ಎಳೆಯುವನು, ಮಧ್ಯಾಹ್ನದೊಳಗೆ ಅವನೇ ತುಳಿದು ಅಳಿಸುವನು. ಈ ಕಾರನ್ನು ಅವನು ತನಗೇ ಅಂತ ತಂದಿದ್ದು, ಊರವರ ಕಾರೆಲ್ಲ ಓಡಿಸಿದ್ದಾಯ್ತು, ಒಂದು ನಮ್ಮದು ಓಡ್ಲಿ ಕಣೇ, ಹಿಂದಿನ ಸೀಟಲ್ಲಿ ಅಮ್ಮನ್ನ ಕೂರಿಸ್ಕೊಂಡು ಹೋಗೋಣ. ಆಮೇಲೆ ಆ ದಿನ — ಜಾಕಿನ ಮೇಲೊಂದು ಮರದ ತುಂಡು, ತುಂಡಿನ ಮೇಲೆ ಎಂಜಿನ್ನು, ಎಲ್ಲರೂ ಹಾಗೇ ಮಾಡುತ್ತಾರೆ, ಅವನೂ ಎಷ್ಟೋ ಸಲ ಹಾಗೇ ಮಾಡಿದ್ದ, ಎಂಜಿನ್ನು ಬಿಟ್ಟುಕೊಂಡಿತು, ಮರದ ತುಂಡು ಹೊರಳಿತು, ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ಸಂದಿಯಲ್ಲಿ ಅವನ ಬಲಗೈ ಇತ್ತು. ಅವನು ಕೂಗಲಿಲ್ಲ. ಅವಳು ನೋಡಿದ್ದು ಮೊದಲು ಆ ತುಂಡನ್ನು, ನೆಲದ ಮೇಲೆ ಉರುಳಿ ಉರುಳಿ ಅವಳ ಚಪ್ಪಲಿಗೆ ತಗಲಿ ನಿಂತಿತು, ಏನೂ ಗೊತ್ತಿಲ್ಲದ ಹಾಗೆ.

ನಡುಬೆರಳು ಹೋಯಿತು, ಉಂಗುರದ ಬೆರಳು ಹೋಯಿತು, ಹೆಬ್ಬೆರಳು, ತೋರುಬೆರಳು, ಕಿರುಬೆರಳು ಉಳಿದವು, ಉಳಿದ ಮೂರೂ ಗಟ್ಟಿಯಾಗೇ ಇವೆ ಎಂದು ಡಾಕ್ಟರು ಎಷ್ಟು ಸಲ ಹೇಳಿದರೂ ಅವನ ಕೈ ಮಾತ್ರ ಜೇಬಿಗೆ ಹೋಯಿತು. ಆಸ್ಪತ್ರೆಯಿಂದ ಬಂದ ಮೇಲೆ ಅಕ್ಕಪಕ್ಕದವರು ಸೇರಿ ಎಂಜಿನ್ನನ್ನು ಹಾಗೇ ಒಳಕ್ಕೆ ನೂಕಿ ನಾಲ್ಕೂ ಕಡೆ ಬಿಗಿದು, ಮೇಲೆ ಟಾರ್ಪಾಲು ಹೊದಿಸಿದರು. ಅವನು ಶೆಡ್ಡಿನ ಮುಂಬಾಗಿಲ ಕಡೆ ಹಲಗೆ ಅಡ್ಡ ಹೊಡೆಸಿ, ಅದಕ್ಕೊಂದು ಬಾಗಿಲಿಟ್ಟು ಸಣ್ಣ ಅಂಗಡಿ ಮಾಡಿಕೊಂಡ, ಹಲಗೆ ದಾಟಿ ಒಳಗೆ ಬರುವುದೇ ಇಲ್ಲ, ವೈಪರು, ಬಲ್ಬು, ಸೀಟಿನ ಕವರು, ಎಡಗೈಯಲ್ಲೇ ಕೊಡುತ್ತಾನೆ, ಎಡಗೈಯಲ್ಲೇ ಚಿಲ್ಲರೆ ತಗೊಳ್ಳುತ್ತಾನೆ, ಕಿವಿಯಣ್ಣ ಒಂಚೂರು ಕೇಳಿ ಹೇಳಣ್ಣ ಏನೋ ಸದ್ದು ಬರ್ತಿದೆ ಎಂದು ಯಾರಾದರೂ ಬಂದರೆ, ಅದೆಲ್ಲ ಬಿಟ್ಟಿದೀನಿ, ಬೇರೆ ಕಡೆ ತೋರಿಸಿ. ಮೇಲಿನ ಕೋಣೆಯಲ್ಲಿ ಹೊಲಿಗೆ ಮಿಷನ್ನಿನ ಮುಂದೆ ಕೂರುವ ಅತ್ತೆ ಮಗನ ಪ್ಯಾಂಟು ಒಳಹೊರಗು ಮಾಡಿ ಬೆಳಕಿಗೆ ಹಿಡಿದು ಗೊಣಗುವರು, ಬೇರೆ ಗಂಡಸರಿಗೆ ಮಂಡಿ ಹರಿಯುತ್ತೆ, ನನ್ನ ಮಗನಿಗೆ ಬಲಗಡೆ ಜೇಬು, ಅದೆಷ್ಟು ಸಲ ಅಂತ ಹೊಲೀಲಿ, ಒಳಗೇನು ಇಲಿ ಸಾಕಿದಾನಾ. ಗೊಣಗಿ, ದಪ್ಪ ಬಟ್ಟೆ ಹಾಕಿ, ಜೋಡಿ ಹೊಲಿಗೆ ಹಾಕುವರು, ಹಾಕುತ್ತಾ ಹಾಕುತ್ತಾ ಮಿಷನ್ನು ನಿಲ್ಲಿಸಿ ಸುಮ್ಮನೆ ಕೂತುಬಿಡುವರು. ಅವಳಿಗೆ ಆಗ ಸಿಟ್ಟು ಬರುತ್ತದೆ, ಎರಡು ಬೆರಳು ಹೋಯಿತು ಅಂತ ಇಡೀ ಮನುಷ್ಯನನ್ನು ಜೇಬಿನಲ್ಲಿಟ್ಟುಕೊಂಡು ಓಡಾಡುವುದೆಂದರೇನು, ಕಾರು ಹೋಗಿಬಿಟ್ಟರೆ ಆ ಕೈ ಇನ್ನು ಹೊರಗೆ ಬರುವುದಿಲ್ಲ, ಅದು ಅವಳಿಗೆ ಗೊತ್ತು, ಟಾರ್ಪಾಲಿನ ಕೆಳಗೆ ಕಾರು ಇರುವವರೆಗೆ ಅರ್ಧಕ್ಕೆ ನಿಂತ ಕೆಲಸವೊಂದು ಇದೆ, ಕಾರು ಹೋದರೆ ಮುಗಿದೇ ಹೋಯಿತು.

ಎರಡನೇ ನಟ್ಟೂ ಬಂತು. ಅವಳು ತೆವಳಿಕೊಂಡು ಹೊರಗೆ ಬಂದು ಕೂತಳು, ಸೆರಗಿನ ಬದಲು ಹಳೇ ಶರ್ಟಿನ ತೋಳಿನಿಂದ ಮುಖ ಒರೆಸಿಕೊಂಡಳು, ಮಹಡಿ ಮೆಟ್ಟಿಲ ಮೇಲಿಂದ ಅತ್ತೆ ಇಣುಕಿ ನೋಡಿ, ಏನೇ ಇದು ಅವತಾರ, ಸೊಸೆ ಕಾರಿನಡಿ ಮಲಗೋದನ್ನ ನೋಡೋಕೆ ಉಳ್ಕೊಂಡಿದೀನಾ ನಾನು, ಅಂದವರೇ ಇನ್ನೊಂದು ಗೋಣಿಚೀಲ ಮೇಲಿಂದ ಎಸೆದರು, ನೆಲ ತಣ್ಣಗಿರುತ್ತೆ ಸೊಂಟ ಹಿಡಿದೀತು. ಪೆಟ್ರೋಲಿನ ಪೈಪು ಬಿಚ್ಚಿ ಮುಚ್ಚಿದ್ದಾಯಿತು, ವೈರುಗಳು ಬಿಚ್ಚಿದ್ದಾಯಿತು, ಆಕ್ಸಿಲರೇಟರಿನ ತಂತಿ ಎಳೆದದ್ದಾಯಿತು, ತುಕ್ಕು ಹಿಡಿದ ಬಂಪರು ಗೋಡೆಗೆ ಒರಗಿ ಕೂತಿದೆ, ಕಾರಿನ ಹಿಂಭಾಗ ಎತ್ತರಕ್ಕೆ ಎರಡು ಸ್ಟ್ಯಾಂಡಿನ ಮೇಲೆ, ಅವಳೇ ಬೆಸೆದ ಸ್ಟ್ಯಾಂಡು, ಅದರ ಮೇಲೆ ಮನೆ ಬೇಕಾದರೂ ಇಡಬಹುದು. ಇನ್ನು ಜಾಕು, ಜಾಕಿನ ಮೇಲೆ ಅವಳ ಮಣೆ. ಮಣೆ ಅಂತ ಅವಳೇ ಹೆಸರಿಟ್ಟಿದ್ದು, ಅಂಗಡಿಯಲ್ಲಿ ಇಂಥದ್ದು ಸಿಗುವುದಿಲ್ಲ, ಸಿಕ್ಕರೂ ಈ ಮುದಿ ಎಂಜಿನ್ನಿನ ಹೊಟ್ಟೆಗೆ ಹೊಂದುವುದಿಲ್ಲ, ಅವಳ ಅಪ್ಪನ ಕಾಲದ ಗೇಟೊಂದರ ದಪ್ಪ ಪಟ್ಟಿ ಕತ್ತರಿಸಿ, ಜಾಕಿನ ತಲೆಯ ಮೇಲಿನ ಬಟ್ಟಲು ತೆಗೆದ ತೂತಿಗೆ ಸರಿಯಾಗಿ ಕೂರುವ ಹಾಗೆ ಕೆಳಗೊಂದು ಕಬ್ಬಿಣದ ಪೈಪಿನ ಕಾಲು, ಮೇಲೆ ನಾಲ್ಕೂ ಅಂಚಿಗೆ ಎದ್ದು ನಿಂತ ಕಟ್ಟೆ, ಒಳಗೆ ಹಳೇ ಟೈರಿನ ರಬ್ಬರು, ಜಾರಬಾರದು, ಹೊರಳಬಾರದು, ಗಂಡ ಅಂಗಡಿಯಲ್ಲಿ ವೈಪರು ಮಾರುವಾಗ ಇವಳು ಹಿಂದೆ ಕಾರಿನಡಿ ನುಸುಳಿ ಹಳೇ ರಟ್ಟು ಒತ್ತಿ ಒತ್ತಿ ಎಂಜಿನ್ನಿನ ಹೊಟ್ಟೆಯ ಅಚ್ಚು ತೆಗೆದಿದ್ದಳು, ಏನು ಮಾಡ್ತಿದೀಯಾ ಹಿಂದೆ, ಇಲಿ ಹೊಕ್ಕಿದೆ ರೀ. ಸುಳ್ಳೂ ಅಲ್ಲ, ಇಲಿಯೂ ಇತ್ತು. ಅಪ್ಪ ಕಲಿಸಿದ ಕೈ, ಅಪ್ಪ ಅನ್ನುತ್ತಿದ್ದ, ಗೇಟು ನೇತುಹಾಕೋ ಮೊದಲು ಅದರ ನಡು ಹಿಡಿದು ಎತ್ತಿ ನೋಡು ಮಗಾ, ನಡು ಸಿಕ್ಕರೆ ಒಂದೇ ಕೈಯಲ್ಲಿ ಎತ್ತಬಹುದು. ಟೇಪು ಹಿಡಿದು ಎಂಜಿನ್ನಿನ ಉದ್ದ ಅಳೆದು, ಸರಿಯಾಗಿ ಅರ್ಧಕ್ಕೆ ಗೆರೆ ಹಾಕಿ, ಆ ಗೆರೆಗೆ ಮಣೆಯ ಕಾಲು ಬೆಸೆದಿದ್ದಳು, ಕೂದಲೆಳೆಯಷ್ಟೂ ಆಚೀಚೆ ಇಲ್ಲ.

ಹಿಡಿ ಒತ್ತಿದಳು, ಜಾಕು ಉಸಿರುಬಿಡುತ್ತಾ ಏರಿತು, ಇನ್ನೊಂದು ಒತ್ತು, ಮಣೆ ಹೋಗಿ ಹೊಟ್ಟೆಗೆ ಮುಟ್ಟಿತು, ಕೂತಿತು, ಭಲೇ, ಅಳತೆ ಅಂದರೆ ಇದು. ಹಲಗೆಯಾಚೆ ಅವನು ಕೆಮ್ಮಿದ. ಕೇಳಿಸುತ್ತಿದೆ ಅವನಿಗೆ, ಎಲ್ಲವೂ ಕೇಳಿಸುತ್ತಿದೆ, ಕೇಳಿಸಿಕೊಳ್ಳಲಿ. ಮೇಲಿನ ಬೋಲ್ಟುಗಳನ್ನು ಬಿಚ್ಚಿದಳು, ಒಂದು, ಇನ್ನೊಂದು, ಡಬ್ಬಿಗೆ ಬಿದ್ದವು, ಈಗ ಎಂಜಿನ್ನಿಗೆ ಆಧಾರ ಅವಳ ಮಣೆ ಮತ್ತು ಗೇರ್‌ಬಾಕ್ಸಿನಿಂದ ಬಂದು ಕ್ಲಚ್ಚಿನೊಳಗೆ ಹೊಕ್ಕಿರುವ ಒಂದು ಶಾಫ್ಟು, ಬೆರಳುದ್ದದ ಹಲ್ಲಿನ ಸರಳು, ಅದರಿಂದ ಹಿಂದಕ್ಕೆ ಜಾರಿಸಿದರೆ ಬಿಡುಗಡೆ. ಕಾರಿನ ಹಿಂದೆ ನೆಲದ ಮೇಲೆ ಜಾಕಿನ ಎರಡೂ ಪಕ್ಕಕ್ಕೆ ಕಾಲು ಚಾಚಿ ಕೂತಳು, ಎಂಜಿನ್ನನ್ನು ಎರಡು ತೋಳಿನಲ್ಲಿ ತಬ್ಬಿಕೊಂಡಳು, ಗಂಡನನ್ನು ತಬ್ಬಿಕೊಂಡು ಎಷ್ಟು ಕಾಲವಾಯಿತು, ಥೂ ಇದೇನು ಯೋಚನೆ ಈ ಹೊತ್ತಿನಲ್ಲಿ, ಎಳೆ, ಎಳೆದಳು, ಜಾಕಿನ ಗಾಲಿ ಹೊರಳಿತು, ಬಂತು, ಒಂದು ಬೆರಳಗಲ ಬಂತು, ಇನ್ನೊಂದು ಬಂತು, ಬರುತ್ತಿದೆ, ಗೇರ್‌ಬಾಕ್ಸಿಗೂ ಎಂಜಿನ್ನಿಗೂ ನಡುವೆ ಬೆಳಕು ಕಂಡಿತು, ಅದೇ ಸಂದಿ — ಎಂಜಿನ್ನು ಬಗ್ಗಿತು. ಆಚೆಯ ತುದಿ, ಗೇರ್‌ಬಾಕ್ಸಿನ ಕಡೆಯ ತುದಿ, ಕುಸಿಯಿತು, ಮಣೆಯ ಮುಂದಿನ ಕಟ್ಟೆ ಕಚಕ್ಕೆಂದು ಹಿಡಿದುಕೊಂಡಿತು, ರಬ್ಬರು ಕಿರುಗುಟ್ಟಿತು, ಶಾಫ್ಟು ಓರೆಯಾಗಿ ಕಚ್ಚಿಕೊಂಡು ಕೂತಿತು, ಎಳೆದರೆ ಬರುವುದಿಲ್ಲ, ನೂಕಿದರೆ ಹೋಗುವುದಿಲ್ಲ. ಬಿಟ್ಟರೆ? ಬಿಡುವಂತಿಲ್ಲ, ತೋಳು ಸಡಿಲಿಸಿದರೆ ಮುಂದಕ್ಕೆ ಮಗುಚುತ್ತದೆ, ಆ ಮೂತಿ ಭಾರ, ಅಯ್ಯೋ ಎಂಥ ದಡ್ಡಿ, ಅಲ್ಲಿ ಉಕ್ಕಿನ ದೊಡ್ಡ ಚಕ್ರ ಇದೆ, ಕ್ಲಚ್ಚಿದೆ, ಇಲ್ಲಿ ಈ ತುದಿಯಲ್ಲಿ ಏನಿದೆ, ಒಂದು ತಗಡಿನ ಪುಲ್ಲಿ, ಬೆಳಿಗ್ಗೆ ಬಿಚ್ಚಿಟ್ಟ ಸೈಲೆನ್ಸರಿನ ಭಾರವೂ ಇಲ್ಲ, ಉದ್ದದ ಅರ್ಧ ಬೇರೆ, ಭಾರದ ಅರ್ಧ ಬೇರೆ, ಗೇಟಿಗಾದರೆ ಎರಡೂ ಒಂದೇ, ಜೀವಮಾನವಿಡೀ ಗೇಟು ಮಾಡಿದವಳಿಗೆ ಅದು ಹೊಳೆಯಲೇ ಇಲ್ಲ.

ಸರಿ. ಅಳುವುದಿದ್ದರೆ ಆಮೇಲೆ. ಕರೆಯುವುದಿಲ್ಲ ಎಂದಿದ್ದಾಳೆ, ಕರೆಯುವುದಿಲ್ಲ, ಅವನಾಗಿ ಬರಬೇಕು, ಕರೆದು ಬಂದರೆ ಅದು ಸಹಾಯ, ಅವನಾಗಿ ಬಂದರೆ ಅದು ಅವನ ಕೆಲಸ, ಆದರೆ ಎಷ್ಟು ಹೊತ್ತು ಹೀಗೆ ತಬ್ಬಿಕೊಂಡು ಕೂರುವುದು, ಲಾರಿ ಬರುವವರೆಗೋ, ಎಂಜಿನ್ನಿನ ಜೊತೆಗೆ ಅವಳನ್ನೂ ಗುಜರಿಗೆ ಎತ್ತಿಹಾಕಲಿ ಹಾಗಾದರೆ, ತೂಕ ಚೆನ್ನಾಗಿ ಬರುತ್ತದೆ. ಪಕ್ಕದಲ್ಲಿ ಮರದ ಬೆಣೆಯೊಂದು ಬಿದ್ದಿದೆ, ಎಡಗೈಗೆ ಎಟುಕುತ್ತದೆ, ಅದನ್ನು ಆ ಸಂದಿಯೊಳಗಿಂದ ತೂರಿಸಿ ಕುಸಿದ ಮೂತಿಯ ಕೆಳಗಿಟ್ಟರೆ, ಭುಜದಲ್ಲಿ ಎಂಜಿನ್ನನ್ನು ಒತ್ತಿಹಿಡಿದು ಕೈ ಚಾಚಿದಳು, ಬೆಣೆ ಸಿಕ್ಕಿತು, ಸಂದಿಯ ಹತ್ತಿರ ಒಯ್ದಳು, ಕತ್ತಲೆಯ ಸಂದಿ, ತಣ್ಣಗಿದೆ —

ಕೈ ತೆಗಿ ಅಲ್ಲಿಂದ.

ಹಲಗೆಯ ಆಚೆಯಿಂದ. ಅವನಿಗೆ ಏನೂ ಕಾಣುತ್ತಿಲ್ಲ, ಹಲಗೆ ಆಳೆತ್ತರ ಇದೆ, ಆದರೂ ಮರ ನೆಲಕ್ಕೆ ಉಜ್ಜಿದ ಸದ್ದು ಆ ಕಿವಿಗೆ ಸಾಕು, ಕೈ ತೆಗಿ ಅಂದ್ನಲ್ಲ, ಬೆಣೆ ಬಿಸಾಕು. ಅವಳು ಬಿಸಾಕಿದಳು, ನೆಲಕ್ಕೆ ಬಿದ್ದ ಮರದ ಸದ್ದಿಗೆ ಒಂದು ನಿಟ್ಟುಸಿರು ಕೇಳಿಸಿತು, ಅವಳದೋ ಅವನದೋ. ಆಮೇಲೆ ಅವನೇ ಕೇಳಿದ. ಯಾವ ಕಡೆ ಕುಸಿದಿದೆ? ಗೇರ್‌ಬಾಕ್ಸ್ ಕಡೆ. ಕುಸೀದೆ ಇನ್ನೇನಾಗುತ್ತೆ, ನಡುಮಧ್ಯಕ್ಕೆ ಕೊಟ್ಟಿದೀಯಾ, ಗೇಟು ಅನ್ಕೊಂಡ್ಯಾ ಅದನ್ನ? ಹೂಂ ಗೇಟೇ ಅನ್ಕೊಂಡೆ, ಏನೀಗ? ಏನೂ ಇಲ್ಲ, ಬೀಗ ಹಾಕೋದು ಮರ್ತಿದೀಯಾ ಅಷ್ಟೆ. ಅವಳಿಗೆ ಆ ಎಂಜಿನ್ನನ್ನು ತಬ್ಬಿಕೊಂಡೇ ನಗು ಬಂತು, ನಗುವಿನ ಜೊತೆಗೆ ಕಣ್ಣಲ್ಲಿ ನೀರೂ, ಎಷ್ಟು ವರ್ಷವಾಯಿತು ಈ ಮನುಷ್ಯ ಒಂದು ತಮಾಷೆ ಮಾಡಿ. ಕೇಳಿಲ್ಲಿ, ಅಂದ ಅವನು, ಮೇಲಕ್ಕೆ ಎತ್ತಬೇಡ, ಈಚೆ ತುದಿನ ಕೆಳಕ್ಕೆ ಒತ್ತು, ನಿನ್ನ ಭಾರ ಪೂರ್ತಿ ಹಾಕು, ಆಗ ಆಚೆ ತುದಿ ಏಳುತ್ತೆ. ಅವಳು ಎದೆಯಿಟ್ಟು ಒತ್ತಿದಳು, ರಬ್ಬರು ಗುಂಯ್ ಎಂದಿತು, ಆಚೆ ತುದಿ ಎದ್ದಿತು, ಒಂಚೂರು, ಇನ್ನೊಂಚೂರು, ಸಾಕು ಸಾಕು ಹಾಗೇ ಇರು, ಈಗ ಎಳಿ, ಬರಲ್ಲ ರೀ, ಎಳಿ, ಬರ್ತಾ ಇಲ್ಲ. ಹಲ್ಲು ಕಚ್ಚಿದೆ, ಪುಲ್ಲಿ ತಿರುಗಿಸ್ಬೇಕು, ತಿರುಗಿಸ್ತಾ ಎಳೀಬೇಕು. ನಂಗೆ ಇರೋದು ಎರಡೇ ಕೈ. ಅಂದುಬಿಟ್ಟ ಮೇಲೆ ನಾಲಿಗೆ ಕಚ್ಚಿಕೊಂಡಳು, ಅಂಥ ಮಾತು ಯಾಕಾದರೂ ಬಾಯಿಗೆ ಬಂತೋ, ಹೋಯಿತು, ಮತ್ತೆ ಚಿಪ್ಪಿನೊಳಗೆ ಹೋದ, ಮೇಲೆ ಅತ್ತೆಯ ಮಿಷನ್ನೂ ನಿಂತುಬಿಟ್ಟಿದೆ.

ಹಲಗೆ ಬಾಗಿಲು ಕಿರ್ರೆಂದಿತು. ಅವಳು ತಿರುಗಲಿಲ್ಲ, ತಿರುಗಿದರೆ ಎಂಜಿನ್ನು ಮಗುಚುತ್ತದೆ, ಅದಕ್ಕಲ್ಲ, ತಿರುಗಿದರೆ ಅವನು ವಾಪಸು ಹೋಗಿಬಿಟ್ಟಾನು. ಚಪ್ಪಲಿಯ ಸದ್ದು, ಆ ಸದ್ದು ಕಾರಿನ ಸುತ್ತ ಬಂತು, ನಿಂತಿತು, ಒಗೆದ ಪ್ಯಾಂಟಿನ ಅಂಚು ಅವಳ ಕಣ್ಣ ತುದಿಗೆ ಕಂಡಿತು, ಬೂದಿ ಬಣ್ಣದ್ದು, ಬಲಗಡೆ ಜೇಬಿನಲ್ಲಿ ಗುಂಡಗೆ ಉಬ್ಬಿದ ಮುಷ್ಟಿ. ಅವನು ಕುಕ್ಕರುಗಾಲಿನಲ್ಲಿ ಕೂತು ಮಣೆಯನ್ನು ನೋಡಿದ, ಬಗ್ಗಿ ಕೆಳಗಿನಿಂದ ನೋಡಿದ, ಬೆಸುಗೆಯನ್ನು ನೋಡಿದ, ಇದ್ಯಾವಾಗ ಮಾಡಿದೆ? ಇಲಿ ಹೊಕ್ಕಿತ್ತಲ್ಲ ಆವಾಗ. ಹೂಂ, ಅಂದ, ಎರಡು ಅಂಗುಲ ಮುಂದಕ್ಕೆ ಬರಬೇಕಿತ್ತು, ಆದ್ರೆ ಜಾರಿಲ್ಲ ನೋಡು, ಮರದ ತುಂಡಾಗಿದ್ರೆ — ಅನ್ನುತ್ತಲೇ ಎಡಗೈ ಚಾಚಿ ಜಾಕಿನ ಹಿಡಿ ಹಿಡಿದುಕೊಂಡ, ಒಂದು ಕೈ ಅಲ್ಲಿ ಬೇಕೇ ಬೇಕು, ಬಿಟ್ಟುಕೊಂಡ ಕೂಡಲೇ ಇಳಿಸಬೇಕು, ಪುಲ್ಲಿಗೆ ಇನ್ನೊಂದು ಕೈ ಬೇಕು. ಅವಳು ಕಣ್ಣು ಮುಚ್ಚಿದಳು, ನೋಡಬಾರದು, ನೋಡಿದರೆ ಹೆದರುತ್ತದೆ ಆ ಕೈ, ಏನು ಬೇಕಾದರೂ ಆಗಲಿ, ಒತ್ತಿ ಹಿಡಿದಿರುವುದಷ್ಟೇ ತನ್ನ ಕೆಲಸ, ತೋಳು ಉರಿಯುತ್ತಿದೆ, ಉರಿಯಲಿ, ಬಾ, ಬಾರಪ್ಪ. ಬಟ್ಟೆ ಸರಿದ ಸದ್ದು, ಅತ್ತೆ ಹಾಕಿದ ಜೋಡಿ ಹೊಲಿಗೆಗೆ ಬೆರಳು ತೊಡರಿದ ಸದ್ದು. ಅವಳ ಗಲ್ಲದ ಹತ್ತಿರ ಪುಲ್ಲಿಯ ಅಂಚಿಗೆ ಏನೋ ಬಂದು ಕೂತಿತು, ಜಾರಿತು, ಮತ್ತೆ ಕೂತಿತು, ಹಿಡಿತ ಹುಡುಕಿತು, ಆಮೇಲೆ ಪುಲ್ಲಿ ತಿರುಗಿತು. ಎಂಜಿನ್ನಿನ ಒಳಗೆಲ್ಲೋ ಫುಸ್ಸೆಂದು ಗಾಳಿ ಹೊರಬಂತು, ಇಷ್ಟು ವರ್ಷ ತುಂಬಿಕೊಂಡಿದ್ದ ಉಸಿರು, ಕೇಳಿಸ್ತಾ, ಅಂದ ಅವನು, ಅವನ ದನಿಯೇ ಬೇರೆಯಾಗಿತ್ತು, ಕೇಳಿಸ್ತಾ ನಿಂಗೆ, ಒತ್ತಡ ಇದೆ ಕಣೇ, ಒಳಗೆ ಚೆನ್ನಾಗಿದೆ ಇದು, ಏನೂ ಆಗಿಲ್ಲ, ಎಳಿ ಈಗ, ತಿರುಗಿಸ್ತೀನಿ, ಎಳಿ!

ಎಳೆದಳು. ಟಕ್ಕೆಂದಿತು, ಬಿಟ್ಟಿತು, ಜಾಕು ಹಿಂದಕ್ಕೆ ಹೊರಳಿ ಅವಳ ಮಡಿಲ ಹತ್ತಿರ ಬಂದು ನಿಂತಿತು, ಎಂಜಿನ್ನು ಅವಳ ತೋಳಿನಲ್ಲಿ, ಅವನ ಕೈಯಲ್ಲಿ, ಮಣೆಯ ಮೇಲೆ, ಒತ್ತಿ ಹಿಡಿ ಒತ್ತಿ ಹಿಡಿ, ಅವನು ಎಡಗೈಯಿಂದ ಜಾಕಿನ ಹಿಡಿ ತಿರುಗಿಸಿದ, ಮೆಲ್ಲಗೆ, ಇನ್ನೂ ಮೆಲ್ಲಗೆ, ಇಳಿಯಿತು, ಕಾರಿನ ಹಿಂಬದಿಯ ಅಂಚು ದಾಟಿತು, ನೆಲಕ್ಕೆ ಒಂದು ಗೇಣು, ಅರ್ಧ ಗೇಣು, ಅವಳ ಗೋಣಿಚೀಲದ ಮೇಲೆ ಮೂತಿ ಊರಿ ಕೂತಿತು, ತೂಕಡಿಸುವ ಎಮ್ಮೆಯ ಹಾಗೆ. ತೋಳು ಬಿಡಿಸಿಕೊಳ್ಳಲು ಆಗುತ್ತಿಲ್ಲ, ಮರಗಟ್ಟಿ ಹೋಗಿವೆ, ಅವನೇ ಬಿಡಿಸಿದ, ಒಂದೊಂದಾಗಿ, ಮೇಲಿಂದ ಅತ್ತೆ, ಇಳೀತೇನೇ, ಅಂದರು, ಇಳೀತು ಅತ್ತೆ, ಯಾರು ಇಳಿಸಿದ್ದು, ಅಂದರು, ಗೊತ್ತಿದ್ದೂ ಕೇಳುತ್ತಾರೆ, ಕಳ್ಳಿ ಮುದುಕಿ, ಇವಳು ಉತ್ತರ ಕೊಡುವಷ್ಟರಲ್ಲಿ ಹೊರಗೆ ಹಾರನ್ನು, ಎರಡು ಸಲ, ಲಾರಿ ಬಾಗಿಲಿಗೇ ಬಂದು ನಿಂತಿತು, ಗುಜರಿಯವನು ಧಡಕ್ಕೆಂದು ಕೆಳಗೆ ಹಾರಿದ, ಅಂಗಡಿ ದಾಟಿ ತೆರೆದ ಹಲಗೆ ಬಾಗಿಲಿಗೆ ತಲೆ ಹಾಕಿದ, ಅಣ್ಣಾ, ತಗೊಂಡು ಹೋಗ್ಲಾ? ಗಂಡ ಎದ್ದು ನಿಂತ, ಬಲಗೈ ಅಭ್ಯಾಸದ ಹಾಗೆ ಜೇಬಿನ ಹತ್ತಿರ ಹೋಯಿತು, ನಿಂತಿತು, ಅವನು ತಲೆ ಬಗ್ಗಿಸಿ ನೋಡಿಕೊಂಡ, ಕೈ ಮಣಿಕಟ್ಟಿನವರೆಗೂ ಗ್ರೀಸು, ಕಪ್ಪಗೆ ಹೊಳೆಯುತ್ತಿದೆ, ಒಗೆದ ಪ್ಯಾಂಟು, ಅಮ್ಮ ನಿನ್ನೆ ತಾನೇ ಹೊಲಿದ ಜೇಬು. ಹೋಗಯ್ಯ, ಅಂದ, ಕಾರಿಲ್ಲ ಗೀರಿಲ್ಲ, ಕೆಲಸ ನಡೀತಿದೆ ಕಾಣಲ್ವಾ, ಅನ್ನುತ್ತಾ ಕೈಯೆತ್ತಿ ಬೀಸಿದ, ಆ ಕೈ, ಊರವನೊಬ್ಬನ ಕಣ್ಣೆದುರಿಗೆ, ಭುಜದ ಎತ್ತರಕ್ಕೆ, ಗುಜರಿಯವನು ನೋಡಿದ, ನೋಡಲಿ, ಅತ್ತೆ ಮೆಟ್ಟಿಲ ಮೇಲಿಂದ ನೋಡುತ್ತಿದ್ದಾರೆ, ಇವಳು ನೆಲದ ಮೇಲಿಂದ ನೋಡುತ್ತಿದ್ದಾಳೆ, ಏಳಬೇಕು, ಮಣೆಯ ಕಾಲು ಕತ್ತರಿಸಿ ಮುಂದಕ್ಕೆ ಬೆಸೆಯಬೇಕು, ಏನೇನೋ ಮಾಡಬೇಕು, ಏನೂ ತೋಚುತ್ತಿಲ್ಲ, ಆ ಕೈ, ಕಪ್ಪಗೆ, ಹೆಬ್ಬೆರಳು, ತೋರುಬೆರಳು, ಆಮೇಲೆ ಖಾಲಿ, ಆ ಖಾಲಿಯಲ್ಲಿ ಬಾಗಿಲಾಚೆಯ ಬೀದಿ, ಬೀದಿಯ ಬಿಸಿಲು, ಆಮೇಲೆ ಕಿರುಬೆರಳು, ಕೈ ಇನ್ನೂ ಕೆಳಗೆ ಬಂದಿಲ್ಲ, ಆ ಕೈ.